ಅರಿಶಿನದ ಸತ್ವ ಮತ್ತು ಬಾಯಿ-ಗಂಟಲಿನ ಅರ್ಬುದ ರೋಗ

ಅರಿಶಿನವಿಲ್ಲದ ಅಡುಗೆಮನೆ ನಮ್ಮ ನಾಡಿನಲ್ಲಿ ಇಲ್ಲವೆಂದೇ ಹೇಳಬಹುದು. ಮದುವೆಯ ಮನೆಯಲ್ಲಿ ಅದು ಮಂಗಳದ್ರವ್ಯ. ಬಾಣಂತಿಯ ಕೋಣೆಯಲ್ಲಿ ಮೈಗೆ ಹಚ್ಚುವ ಲೇಪ. ಮಗುವಿನ ಮೊಣಕಾಲು ತರಚಿದಾಗ ತಾಯಿಯ ಕೈಗೆ ಮೊದಲು ಸಿಗುವ ಮದ್ದು. ಚಾಮರಾಜನಗರ, ಗುಂಡ್ಲುಪೇಟೆಯ ಕಡೆಯ ಅನೇಕ ರೈತರಿಗೆ ಅದು ಜೀವನಾಧಾರವಾದ ಬೆಳೆ. ಇಷ್ಟೊಂದು ಬಳಕೆಯಲ್ಲಿರುವ ವಸ್ತುವಿನ ಮೇಲೆ ಜನರಿಗೆ ನಂಬಿಕೆಯಿರುವುದು ಸಹಜವೇ ಆಗಿದೆ. ಆದರೆ ಈಚಿನ ವರ್ಷಗಳಲ್ಲಿ ಈ ನಂಬಿಕೆಯು ಒಂದು ಹೆಜ್ಜೆ ಮುಂದೆ ಹೋಗಿ, "ಅರಿಶಿನವು ಅರ್ಬುದ ರೋಗವನ್ನು ಗುಣಪಡಿಸುತ್ತದೆ" ಎಂಬ ಮಾತಿಗೆ ತಿರುಗಿದೆ. ಈ ಮಾತಿನಲ್ಲಿ ನಿಜವೆಷ್ಟು, ಆಸೆಯೆಷ್ಟು ಎಂಬುದನ್ನು ಬೇರ್ಪಡಿಸಿ ತಿಳಿಯುವುದು ಪ್ರತಿಯೊಂದು ಕುಟುಂಬಕ್ಕೂ ಅಗತ್ಯ. ಏಕೆಂದರೆ ಈ ವಿಷಯದಲ್ಲಿ ತಪ್ಪು ತಿಳಿವಳಿಕೆಗೆ ತೆರಬೇಕಾದ ಬೆಲೆ ಮನೆಯ ಒಂದು ಜೀವವೇ ಆಗಬಹುದು.

ಈ ರೋಗ ಯಾವುದು?

ನಮ್ಮ ಶರೀರವು ಅಸಂಖ್ಯಾತ ಜೀವಕೋಶಗಳಿಂದಾಗಿದೆ. ಹಳೆಯ ಜೀವಕೋಶಗಳು ಸಾಯುವುದೂ ಹೊಸವು ಹುಟ್ಟುವುದೂ ಒಂದು ಕ್ರಮಕ್ಕೆ ಒಳಪಟ್ಟಿವೆ. ಈ ಕ್ರಮ ಕೆಟ್ಟಾಗ ಕೆಲವು ಜೀವಕೋಶಗಳು ಅಂಕೆಯಿಲ್ಲದೆ ವೃದ್ಧಿಯಾಗುತ್ತವೆ. ಸುತ್ತಲಿನ ಭಾಗಗಳನ್ನು ಆಕ್ರಮಿಸುತ್ತವೆ. ರಕ್ತ ಮತ್ತು ದುಗ್ಧರಸದ ಮೂಲಕ ದೂರದ ಅಂಗಗಳಿಗೂ ಹರಡುತ್ತವೆ. ಇದೇ ಅರ್ಬುದ ರೋಗ. ಜನರ ಮಾತಿನಲ್ಲಿ ಕ್ಯಾನ್ಸರ್.

ತುಟಿ, ನಾಲಿಗೆ, ಕೆನ್ನೆಯ ಒಳಭಾಗ, ವಸಡು, ಅಂಗುಳ, ಗಂಟಲು, ಧ್ವನಿಪೆಟ್ಟಿಗೆ, ಮೂಗು, ಜೊಲ್ಲುಗ್ರಂಥಿ ಮುಂತಾದ ಭಾಗಗಳಲ್ಲಿ ಹುಟ್ಟುವ ಅರ್ಬುದಗಳನ್ನು ಒಟ್ಟಾಗಿ ತಲೆ ಮತ್ತು ಕುತ್ತಿಗೆಯ ಅರ್ಬುದಗಳೆಂದು ಕರೆಯುತ್ತಾರೆ. ಮೆದುಳಿನ ಗೆಡ್ಡೆಗಳು ಈ ಗುಂಪಿಗೆ ಸೇರುವುದಿಲ್ಲ. ನಮ್ಮ ದೇಶದಲ್ಲಿ ಇವುಗಳ ಪೈಕಿ ಬಾಯಿಯ ಅರ್ಬುದವೇ ಪ್ರಧಾನವಾದುದು. 2020ನೆಯ ವರ್ಷದ ಒಂದು ಜಾಗತಿಕ ಅಂದಾಜಿನಂತೆ ಭಾರತದಲ್ಲಿ ಆ ಒಂದೇ ವರ್ಷ ಸುಮಾರು 1 ಲಕ್ಷ 35 ಸಾವಿರ ಮಂದಿಗೆ ಹೊಸದಾಗಿ ಬಾಯಿಯ ಅರ್ಬುದ ತಗುಲಿತು.

ಇದಕ್ಕೆ ಕಾರಣಗಳು ಗುಟ್ಟಾಗಿ ಉಳಿದಿಲ್ಲ. ಬೀಡಿ, ಸಿಗರೇಟು, ಹೊಗೆಸೊಪ್ಪು, ಕಡ್ಡಿಪುಡಿ, ಗುಟ್ಕಾ ಮತ್ತು ಮದ್ಯಪಾನಗಳೇ ಮುಖ್ಯ ಕಾರಣಗಳು. ಹೊಗೆಸೊಪ್ಪಿನ ಉಂಡೆಯನ್ನು ಬಾಯಿಯಲ್ಲಿ ಯಾವ ಮೂಲೆಯಲ್ಲಿ ಇಟ್ಟುಕೊಳ್ಳುತ್ತಾರೋ ಆ ಮೂಲೆಯ ಕೆನ್ನೆ ಮತ್ತು ವಸಡುಗಳಲ್ಲೇ ರೋಗವು ಹೆಚ್ಚಾಗಿ ತಲೆಯೆತ್ತುವುದನ್ನು ವೈದ್ಯರು ಕಂಡಿದ್ದಾರೆ. ಹೊಗೆಸೊಪ್ಪು ಬೆರೆಸದ ಎಲೆ ಅಡಿಕೆಯಿಂದ ಅಪಾಯವಿಲ್ಲವೆಂದು ಹಲವರು ತಿಳಿದಿದ್ದಾರೆ. ಇದು ಸರಿಯಲ್ಲ. ಅಡಿಕೆಯೂ ಅರ್ಬುದಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಸ್ಪಷ್ಟವಾಗಿ ಹೇಳಿದೆ. ಅಡಿಕೆಯನ್ನು ಬೆಳೆಯುವುದರಲ್ಲಿ ಹೆಸರಾದ ನಮ್ಮ ರಾಜ್ಯದ ಜನರು ಈ ಸಂಗತಿಯನ್ನು ಮನಸ್ಸಿನಲ್ಲಿಡಬೇಕು.

ಅರಿಶಿನದೊಳಗಿನ ಹಳದಿ ವಸ್ತು

ಅರಿಶಿನಕ್ಕೆ ಹಳದಿ ಬಣ್ಣವನ್ನು ಕೊಡುವ ವಸ್ತುವಿನ ಹೆಸರು ಕರ್ಕ್ಯುಮಿನ್. ವೋಗೆಲ್ ಮತ್ತು ಪೆಲ್ಲೆಟಿಯೆ ಎಂಬ ವಿಜ್ಞಾನಿಗಳು ಇದನ್ನು 1815ರಲ್ಲಿ ಅರಿಶಿನದಿಂದ ಬೇರ್ಪಡಿಸಿದರು. ಇದರ ರಾಸಾಯನಿಕ ರಚನೆಯು 1910ರಲ್ಲಿ ತಿಳಿದುಬಂದಿತು. ಅರಿಶಿನಪುಡಿಯಲ್ಲಿ ಇದರ ಪ್ರಮಾಣ ಅಲ್ಪ: ನೂರು ಗ್ರಾಂ ಪುಡಿಯಲ್ಲಿ ಸುಮಾರು ಮೂರು ಗ್ರಾಂ ಮಾತ್ರ, ತಳಿ ಮತ್ತು ನೆಲಕ್ಕೆ ತಕ್ಕಂತೆ ಸ್ವಲ್ಪ ಹೆಚ್ಚುಕಡಿಮೆಯಾಗುತ್ತದೆ.

ಈ ವಸ್ತುವಿನ ಮೂರು ಗುಣಗಳನ್ನು ನಮ್ಮ ಗೃಹಿಣಿಯರು ಬಹು ಕಾಲದಿಂದಲೂ ಬಲ್ಲರು. ಅರಿಶಿನಪುಡಿಯನ್ನು ನೀರಿಗೆ ಹಾಕಿದರೆ ಅದು ಕರಗದೆ ತಳಕ್ಕಿಳಿಯುತ್ತದೆ. ಒಗ್ಗರಣೆಯ ಎಣ್ಣೆಯಲ್ಲಾದರೋ ಬಣ್ಣವನ್ನು ಚೆನ್ನಾಗಿ ಬಿಡುತ್ತದೆ. ಅರಿಶಿನಕ್ಕೆ ಸುಣ್ಣ ಸೋಕಿದರೆ ಕೆಂಪಾಗುತ್ತದೆ. ಆರತಿಯ ತಟ್ಟೆಯ ಕೆಂಪು ನೀರು ಆಗುವುದು ಹೀಗೆಯೇ. ಬಟ್ಟೆಗೆ ಹತ್ತಿದ ಅರಿಶಿನದ ಕಲೆಯು ಬಿಸಿಲಿಗೆ ಹಾಕಿದರೆ ಮಾಸಿಹೋಗುತ್ತದೆ. ನೀರಿನಲ್ಲಿ ಕರಗದಿರುವುದು, ಕ್ಷಾರದಲ್ಲಿ ಮಾರ್ಪಡುವುದು, ಬೆಳಕಿಗೆ ನಾಶವಾಗುವುದು ಎಂಬ ಈ ಮೂರು ಗುಣಗಳೂ ಕರ್ಕ್ಯುಮಿನ್ನಿನವು. ಅಡುಗೆಗೆ ಇವುಗಳಿಂದ ಬಾಧಕವಿಲ್ಲ. ಆದರೆ ಔಷಧವನ್ನಾಗಿ ಮಾಡಹೊರಟವರಿಗೆ ಇವೇ ದೊಡ್ಡ ಅಡಚಣೆಗಳಾಗಿವೆ.

ಪ್ರಯೋಗಶಾಲೆಯಲ್ಲಿ ಕಂಡುಬಂದದ್ದು

ಅರ್ಬುದದ ಜೀವಕೋಶಗಳು ಸಾಯದೆ ಬೆಳೆಯುತ್ತಲೇ ಇರುವುದೇಕೆ ಎಂಬುದನ್ನು ಶೋಧಿಸುವಾಗ ವಿಜ್ಞಾನಿಗಳಿಗೆ ಜೀವಕೋಶದೊಳಗಿನ ಒಂದು ಪ್ರೋಟೀನು ಮುಖ್ಯವೆಂದು ತೋರಿತು. ಇದನ್ನು ನ್ಯೂಕ್ಲಿಯರ್ ಫ್ಯಾಕ್ಟರ್ ಕಪ್ಪಾ-ಬಿ ಎಂದು ಕರೆಯುತ್ತಾರೆ. ವಿದ್ಯುತ್ ದೀಪದ ಗುಂಡಿಯಂತೆ ಇದು ಕೆಲಸ ಮಾಡುತ್ತದೆ. ಗುಂಡಿ ಒತ್ತಿದಾಗ ಉರಿಯೂತವನ್ನೂ ಜೀವಕೋಶಗಳ ಬೆಳವಣಿಗೆಯನ್ನೂ ಪ್ರಚೋದಿಸುವ ಹಲವು ಕ್ರಿಯೆಗಳು ಒಟ್ಟಿಗೆ ಆರಂಭವಾಗುತ್ತವೆ. ಆರೋಗ್ಯವಂತ ಜೀವಕೋಶದಲ್ಲಿ ಕೆಲಸ ಮುಗಿದೊಡನೆ ಗುಂಡಿ ಆರುತ್ತದೆ. ತಲೆ-ಕುತ್ತಿಗೆಯ ಅನೇಕ ಅರ್ಬುದಗಳಲ್ಲಿ ಅದು ಆರದೆಯೇ ಉಳಿಯುತ್ತದೆ. ಗಾಜಿನ ತಟ್ಟೆಗಳಲ್ಲಿ ಬೆಳೆಸಿದ ಜೀವಕೋಶಗಳಿಗೆ ಕರ್ಕ್ಯುಮಿನ್ ಸೇರಿಸಿದಾಗ ಈ ಗುಂಡಿಯ ಚಟುವಟಿಕೆ ತಗ್ಗುವುದೆಂದು 1990ರ ದಶಕದಿಂದ ಈಚೆಗೆ ವರದಿಗಳು ಬಂದವು.

2005ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರದ ಸಂಶೋಧಕರು ತಲೆ-ಕುತ್ತಿಗೆಯ ಅರ್ಬುದದ ಜೀವಕೋಶಗಳನ್ನು ಇಲಿಗಳಲ್ಲಿ ಬೆಳೆಸಿ, ಆ ಗೆಡ್ಡೆಗಳ ಮೇಲೆ ಕರ್ಕ್ಯುಮಿನ್ ಲೇಪವನ್ನು ಹಚ್ಚಿದಾಗ ಗೆಡ್ಡೆಗಳ ಬೆಳವಣಿಗೆ ಕುಂಠಿತವಾದುದನ್ನು ಪ್ರಕಟಿಸಿದರು. 2011ರಲ್ಲಿ ಅದೇ ನಗರದ ಸಂಶೋಧಕರು 21 ಮಂದಿ ರೋಗಿಗಳಿಗೆ ಕರ್ಕ್ಯುಮಿನ್ ಗುಳಿಗೆಗಳನ್ನು ಅಗಿಯಲು ಕೊಟ್ಟು, ಅವರ ಜೊಲ್ಲಿನಲ್ಲಿದ್ದ ಜೀವಕೋಶಗಳನ್ನು ಪರೀಕ್ಷಿಸಿದರು. ಮೇಲೆ ಹೇಳಿದ ಗುಂಡಿಯನ್ನು ಒತ್ತುವ ಕಿಣ್ವದ ಚಟುವಟಿಕೆಯು ತಗ್ಗಿರುವುದು ಕಂಡುಬಂದಿತು. ಬಾಯಿ ಮತ್ತು ಗಂಟಲಿನ ರೋಗಗಳಲ್ಲಿ ಔಷಧವು ನೇರವಾಗಿ ರೋಗಸ್ಥಾನವನ್ನು ಮುಟ್ಟಬಲ್ಲದಾದುದರಿಂದ, ಹೊಟ್ಟೆಯೊಳಗಿನ ಅಂಗಗಳಿಗಿಂತ ಇಲ್ಲಿ ಕರ್ಕ್ಯುಮಿನ್ನಿಗೆ ಹೆಚ್ಚಿನ ಅವಕಾಶವಿದೆಯೆಂಬ ಆಶೆ ಹುಟ್ಟಲು ಇದು ಕಾರಣವಾಯಿತು.

ಆದರೆ ಓದುಗರು ಒಂದು ಅಂಶವನ್ನು ಗಮನಿಸಬೇಕು. ಇಲಿಯಲ್ಲಿ ಗೆಡ್ಡೆಯ ಬೆಳವಣಿಗೆ ನಿಧಾನವಾದರೆ ಮನುಷ್ಯನ ರೋಗ ವಾಸಿಯಾಯಿತೆಂದು ಅರ್ಥವಲ್ಲ. ಜೊಲ್ಲಿನಲ್ಲಿ ಒಂದು ಕಿಣ್ವದ ಚಟುವಟಿಕೆ ತಗ್ಗಿದರೆ ಗೆಡ್ಡೆ ಕರಗಿತೆಂದೂ ಅರ್ಥವಲ್ಲ. ಕರ್ಕ್ಯುಮಿನ್ ತಾನೇ ಬಣ್ಣವುಳ್ಳ, ಬಹು ಬೇಗ ಇತರ ವಸ್ತುಗಳೊಡನೆ ವರ್ತಿಸುವ ಪದಾರ್ಥವಾದುದರಿಂದ ಪ್ರಯೋಗಶಾಲೆಯ ಕೆಲವು ಪರೀಕ್ಷೆಗಳಲ್ಲಿ ಅದು ಸುಳ್ಳು ಫಲಿತಾಂಶವನ್ನು ತೋರಿಸಬಲ್ಲದೆಂದು ರಸಾಯನ ವಿಜ್ಞಾನಿಗಳು 2017ರಲ್ಲಿ ಎಚ್ಚರಿಸಿದ್ದಾರೆ. ಈ ಕ್ಷೇತ್ರದ ಹಲವು ಹೆಸರುವಾಸಿ ಲೇಖನಗಳನ್ನು ಅವುಗಳನ್ನು ಪ್ರಕಟಿಸಿದ್ದ ಪತ್ರಿಕೆಗಳೇ ನಂತರ ಹಿಂದಕ್ಕೆ ಪಡೆದಿರುವುದೂ ಉಂಟು. ಆದುದರಿಂದ ಗಾಜಿನ ತಟ್ಟೆಯಲ್ಲಿ ಕಂಡುದನ್ನು ಭರವಸೆಯೆಂದು ಎಣಿಸಬಹುದೇ ಹೊರತು ಚಿಕಿತ್ಸೆಯೆಂದು ಎಣಿಸಲಾಗದು.

ಹೊಟ್ಟೆಗೆ ಹೋದ ಅರಿಶಿನ ಏನಾಗುತ್ತದೆ?

ನಾವು ಸೇವಿಸಿದ ಯಾವುದೇ ಔಷಧವು ಕರುಳಿನಿಂದ ರಕ್ತಕ್ಕೆ ಸೇರಿ, ರೋಗವಿರುವ ಸ್ಥಳವನ್ನು ಸಾಕಷ್ಟು ಪ್ರಮಾಣದಲ್ಲಿ ತಲುಪಬೇಕು. ಕರ್ಕ್ಯುಮಿನ್ ಸೋಲುವುದು ಇಲ್ಲಿಯೇ. ಅದು ನೀರಿನಲ್ಲಿ ಕರಗದಾದುದರಿಂದ ಕರುಳು ಅದನ್ನು ಅಲ್ಪವಾಗಿ ಮಾತ್ರ ಹೀರಿಕೊಳ್ಳುತ್ತದೆ. ರಕ್ತದಂತೆ ಕೊಂಚ ಕ್ಷಾರಗುಣವುಳ್ಳ ದ್ರವದಲ್ಲಿ ಶುದ್ಧ ಕರ್ಕ್ಯುಮಿನ್ನಿನ ಬಹುಭಾಗವು ಅರ್ಧ ಗಂಟೆಯೊಳಗೇ ಒಡೆದುಹೋಗುವುದನ್ನು ಪ್ರಯೋಗಗಳು ತೋರಿಸಿವೆ. ಒಳಹೊಕ್ಕ ಸ್ವಲ್ಪ ಭಾಗವನ್ನು ಯಕೃತ್ತು ಬೇಗನೆ ಮಾರ್ಪಡಿಸಿ ಹೊರಹಾಕುತ್ತದೆ.

2001ರಲ್ಲಿ ತೈವಾನ್ ದೇಶದ ವೈದ್ಯರು 25 ಮಂದಿಗೆ ದಿನಕ್ಕೆ 8 ಗ್ರಾಂವರೆಗೆ ಶುದ್ಧ ಕರ್ಕ್ಯುಮಿನ್ ಕೊಟ್ಟು ನೋಡಿದರು. ಮೂರು ತಿಂಗಳು ಕೊಟ್ಟರೂ ವಿಷಪರಿಣಾಮ ಕಾಣಲಿಲ್ಲವಾದರೂ, ರಕ್ತದಲ್ಲಿ ಅದರ ಪ್ರಮಾಣವು ಬಹಳ ಕೆಳಮಟ್ಟದಲ್ಲಿಯೇ ಉಳಿಯಿತು. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಕರಿಮೆಣಸಿನ ಖಾರದ ಸತ್ವವಾದ ಪೈಪರಿನ್ನನ್ನು ಕರ್ಕ್ಯುಮಿನ್ನಿನೊಡನೆ ಸೇರಿಸಿ ಕೊಟ್ಟಾಗ, ಮನುಷ್ಯರ ರಕ್ತದಲ್ಲಿ ಕರ್ಕ್ಯುಮಿನ್ನಿನ ಪ್ರಮಾಣವು ಸುಮಾರು ಇಪ್ಪತ್ತು ಪಟ್ಟು ಹೆಚ್ಚಿತೆಂದು ಪ್ರಕಟಿಸಿದರು. ಇದು ಲೋಕವಿಖ್ಯಾತವಾದ ಸಂಶೋಧನೆ. ಆದರೆ ಅತ್ಯಲ್ಪವಾದುದನ್ನು ಇಪ್ಪತ್ತು ಪಟ್ಟು ಮಾಡಿದರೂ ಅದು ಅಲ್ಪವಾಗಿಯೇ ಉಳಿಯಬಹುದೆಂಬುದನ್ನು ಮರೆಯಲಾಗದು.

ಇನ್ನು ಅಡುಗೆಯ ಲೆಕ್ಕವನ್ನು ನೋಡೋಣ. ಸಂಶೋಧಕರು ಸಾಮಾನ್ಯವಾಗಿ ದಿನಕ್ಕೆ ಮೂರರಿಂದ ನಾಲ್ಕು ಗ್ರಾಂ ಕರ್ಕ್ಯುಮಿನ್ ಕೊಟ್ಟು ಪರೀಕ್ಷಿಸುತ್ತಾರೆ. ಇಷ್ಟನ್ನು ಅರಿಶಿನಪುಡಿಯಿಂದಲೇ ಪಡೆಯಬೇಕಾದರೆ ದಿನವೂ ನೂರು ಗ್ರಾಮಿಗಿಂತ ಹೆಚ್ಚು ಪುಡಿಯನ್ನು ತಿನ್ನಬೇಕಾಗುತ್ತದೆ. ಇದು ಯಾರಿಂದಲೂ ಸಾಧ್ಯವಿಲ್ಲ. ಸಾರಿಗೆ ಹಾಕುವ ಚಿಟಿಕೆಯಿಂದಾಗಲಿ, ರಾತ್ರಿ ಕುಡಿಯುವ ಅರಿಶಿನದ ಹಾಲಿನಿಂದಾಗಲಿ ಅರ್ಬುದ ವಾಸಿಯಾಗುವುದೆಂಬುದಕ್ಕೆ ಆಧಾರವಿಲ್ಲ.

ಬಾಯಿಯ ಬಿಳಿ ಮಚ್ಚೆಗಳ ಮೇಲೆ ನಡೆದ ಪರೀಕ್ಷೆ

ಹೊಗೆಸೊಪ್ಪು ಸೇವಿಸುವವರ ಬಾಯಿಯಲ್ಲಿ ಕೆಲವೊಮ್ಮೆ ಉಜ್ಜಿದರೂ ಹೋಗದ ಬಿಳಿಯ ಮಚ್ಚೆಗಳು ಕಾಣಿಸಿಕೊಳ್ಳುತ್ತವೆ. ವೈದ್ಯರು ಇವನ್ನು ಲ್ಯೂಕೋಪ್ಲೇಕಿಯ ಎನ್ನುತ್ತಾರೆ. ಇವು ಅರ್ಬುದವಲ್ಲ, ಆದರೆ ಇವುಗಳ ಪೈಕಿ ಕೆಲವು ಮುಂದೆ ಅರ್ಬುದವಾಗಿ ತಿರುಗುವುದರಿಂದ ಇವನ್ನು ಮುನ್ಸೂಚನೆಯೆಂದು ತಿಳಿಯಬೇಕು.

ದಕ್ಷಿಣ ಭಾರತದ ವೈದ್ಯರು ಇಂತಹ ಮಚ್ಚೆಗಳಿದ್ದ 223 ಮಂದಿಯ ಮೇಲೆ ಒಂದು ಪರೀಕ್ಷೆ ನಡೆಸಿ 2016ರಲ್ಲಿ ಅದರ ಫಲಿತಾಂಶವನ್ನು ಪ್ರಕಟಿಸಿದರು. ಚೀಟಿ ಎತ್ತಿದಂತೆ ಇವರನ್ನು ಎರಡು ಗುಂಪುಗಳಾಗಿ ವಿಂಗಡಿಸಲಾಯಿತು. ಒಂದು ಗುಂಪಿಗೆ ದಿನಕ್ಕೆ 3.6 ಗ್ರಾಂ ಕರ್ಕ್ಯುಮಿನ್. ಇನ್ನೊಂದಕ್ಕೆ ನೋಡಲು ಅದೇ ರೀತಿ ಇರುವ, ಆದರೆ ಔಷಧವಿಲ್ಲದ ಹುಸಿಗುಳಿಗೆ. ಯಾರಿಗೆ ಯಾವುದು ಸಿಕ್ಕಿತೆಂಬುದು ರೋಗಿಗೂ ತಿಳಿಯದು, ಪರೀಕ್ಷಿಸುವ ವೈದ್ಯರಿಗೂ ತಿಳಿಯದು. ಆರು ತಿಂಗಳ ನಂತರ ನೋಡಿದಾಗ ಕರ್ಕ್ಯುಮಿನ್ ಪಡೆದ 111 ಮಂದಿಯಲ್ಲಿ 75 ಮಂದಿಗೆ ಮಚ್ಚೆಗಳು ಕುಗ್ಗಿದ್ದವು. ಹುಸಿಗುಳಿಗೆ ಪಡೆದ 112 ಮಂದಿಯಲ್ಲಿ 62 ಮಂದಿಗೆ ಕುಗ್ಗಿದ್ದವು.

ಈ ಅಂಕೆಗಳಿಂದ ಎರಡು ಪಾಠಗಳನ್ನು ಕಲಿಯಬಹುದು. ಮೊದಲನೆಯದಾಗಿ, ಕರ್ಕ್ಯುಮಿನ್ನಿಗೆ ಕೊಂಚಮಟ್ಟಿನ ಗುಣವಿರುವುದು ನಿಜವೆಂದು ತೋರುತ್ತದೆ. ಎರಡನೆಯದು ಇನ್ನೂ ಮುಖ್ಯವಾದುದು: ಔಷಧವೇ ಇಲ್ಲದ ಗುಳಿಗೆಯನ್ನು ನುಂಗಿದವರಲ್ಲಿಯೂ ಅರ್ಧಕ್ಕಿಂತ ಹೆಚ್ಚು ಮಂದಿಗೆ ಮಚ್ಚೆ ಕುಗ್ಗಿತು. ದುಶ್ಚಟವನ್ನು ಬಿಡುವುದರಿಂದ, ಬಾಯಿಯ ಶುಚಿತ್ವದಿಂದ, ಅಥವಾ ತಾನಾಗಿಯೇ ಮಚ್ಚೆಗಳು ಹೀಗೆ ಕುಗ್ಗುವುದುಂಟು. ಆದುದರಿಂದ "ನೆರೆಮನೆಯವರಿಗೆ ಅರಿಶಿನದಿಂದಲೇ ವಾಸಿಯಾಯಿತು" ಎಂಬ ಒಬ್ಬರ ಅನುಭವದ ಮಾತು ಪುರಾವೆಯಾಗಲಾರದು. ಹೋಲಿಸಿ ನೋಡುವ ಇನ್ನೊಂದು ಗುಂಪಿಲ್ಲದೆ ಯಾವ ಮದ್ದಿನ ಬೆಲೆಯನ್ನೂ ಕಟ್ಟಲಾಗದು. ಮೇಲಾಗಿ, ಮಚ್ಚೆ ಕುಗ್ಗಿದವರಿಗೆ ಮುಂದೆ ಅರ್ಬುದ ಬರುವುದು ತಪ್ಪಿತೇ ಎಂಬ ಪ್ರಶ್ನೆಗೆ ಈ ಪರೀಕ್ಷೆಯಿಂದ ಉತ್ತರ ದೊರೆಯಲಿಲ್ಲ.

ಚಿಕಿತ್ಸೆಗೆ ಆಸರೆಯಾಗಿ ಅರಿಶಿನ

ರೋಗವನ್ನು ಗುಣಪಡಿಸುವುದು ಒಂದು ಬಗೆ. ರೋಗಿಯ ಯಾತನೆಯನ್ನು ತಗ್ಗಿಸುವುದು ಇನ್ನೊಂದು ಬಗೆ. ಎರಡನೆಯ ಬಗೆಯಲ್ಲಿ ಅರಿಶಿನದ ಭವಿಷ್ಯ ಹೆಚ್ಚು ಆಶಾದಾಯಕವಾಗಿದೆ.

ಕೇರಳದ ತ್ರಿಶೂರಿನ ಅಮಲ ಅರ್ಬುದ ಸಂಶೋಧನಾ ಕೇಂದ್ರದವರು 1987ರಲ್ಲಿ ಒಂದು ವರದಿ ಪ್ರಕಟಿಸಿದರು. ಹೊರಮೈಯಲ್ಲಿ ಅರ್ಬುದದ ಹುಣ್ಣುಗಳಿದ್ದ 62 ಮಂದಿ ರೋಗಿಗಳಿಗೆ ಅರಿಶಿನದ ಸಾರವನ್ನೂ ಕರ್ಕ್ಯುಮಿನ್ ಮುಲಾಮನ್ನೂ ಹಚ್ಚಿದಾಗ ಬಹುಪಾಲು ಮಂದಿಯ ಹುಣ್ಣಿನ ದುರ್ವಾಸನೆ ತಗ್ಗಿತು, ತುರಿಕೆ ಕಡಿಮೆಯಾಯಿತು, ಹಲವರ ಹುಣ್ಣು ಒಣಗಿತು. ದುರ್ವಾಸನೆಯ ಕಾರಣದಿಂದ ಮನೆಯವರಿಂದಲೇ ದೂರ ಕುಳಿತುಕೊಳ್ಳಬೇಕಾದ ರೋಗಿಗೆ ಇದು ಸಣ್ಣ ಉಪಕಾರವಲ್ಲ. ಆದರೆ ಹುಣ್ಣಿನ ಗಾತ್ರ ಕುಗ್ಗಿದ್ದು ಹತ್ತರಲ್ಲಿ ಒಬ್ಬರಿಗೆ ಮಾತ್ರ.

ಬಾಯಿ ಮತ್ತು ಗಂಟಲಿನ ಅರ್ಬುದಕ್ಕೆ ವಿಕಿರಣ ಚಿಕಿತ್ಸೆಯನ್ನು ಸಾಮಾನ್ಯವಾಗಿ ಆರೇಳು ವಾರಗಳ ಕಾಲ ಕೊಡಲಾಗುತ್ತದೆ. ಈ ಕಿರಣಗಳು ಅರ್ಬುದದ ಜೀವಕೋಶಗಳನ್ನು ಕೊಲ್ಲುವುದರ ಜೊತೆಗೆ ಬಾಯಿಯ ಒಳಗಿನ ತೆಳುವಾದ ಲೋಳೆಪೊರೆಯನ್ನೂ ಸುಡುತ್ತವೆ. ಎರಡು ಮೂರು ವಾರಗಳಲ್ಲಿ ಬಾಯಿಯೆಲ್ಲ ಕೆಂಪಾಗಿ ಹುಣ್ಣಾಗುತ್ತದೆ. ರೋಗಿಯು ಅನ್ನ ನುಂಗಲಾರ, ನೀರನ್ನೂ ಕುಡಿಯಲಾರ, ತೂಕ ಇಳಿಯುತ್ತದೆ. ನೋವು ತಾಳಲಾರದೆ ಕೆಲವರು ಚಿಕಿತ್ಸೆಯನ್ನು ನಡುವಿನಲ್ಲಿಯೇ ನಿಲ್ಲಿಸಿ ಊರಿಗೆ ಹೊರಟುಹೋಗುತ್ತಾರೆ. ಹೀಗೆ ನಿಲ್ಲಿಸುವುದರಿಂದ ಉಳಿದ ಅರ್ಬುದದ ಜೀವಕೋಶಗಳು ಮತ್ತೆ ಬೆಳೆಯಲು ಅವಕಾಶವಾಗಿ, ಗುಣವಾಗುವ ಸಾಧ್ಯತೆಯೇ ಕುಗ್ಗುತ್ತದೆ.

ಮಂಗಳೂರಿನ ವೈದ್ಯರು ಹೀಗೆ ವಿಕಿರಣ ಚಿಕಿತ್ಸೆ ಪಡೆಯುತ್ತಿದ್ದ 80 ಮಂದಿ ರೋಗಿಗಳನ್ನು ಎರಡು ಗುಂಪುಗಳಾಗಿ ಮಾಡಿ, ಒಂದು ಗುಂಪಿಗೆ ಅರಿಶಿನದ ನೀರಿನಿಂದಲೂ ಇನ್ನೊಂದಕ್ಕೆ ಆಸ್ಪತ್ರೆಗಳಲ್ಲಿ ರೂಢಿಯಲ್ಲಿರುವ ಪೊವಿಡೋನ್ ಅಯೋಡಿನ್ ದ್ರಾವಣದಿಂದಲೂ ಬಾಯಿ ಮುಕ್ಕಳಿಸಲು ತಿಳಿಸಿದರು. 2014ರಲ್ಲಿ ಪ್ರಕಟವಾದ ಈ ವರದಿಯಂತೆ ಅರಿಶಿನದ ನೀರನ್ನು ಬಳಸಿದವರಲ್ಲಿ ಬಾಯಿಹುಣ್ಣು ತಡವಾಗಿ ಕಾಣಿಸಿಕೊಂಡಿತು, ತೀವ್ರತೆಯೂ ಕಡಿಮೆಯಿತ್ತು, ತೂಕವೂ ಅಷ್ಟಾಗಿ ಇಳಿಯಲಿಲ್ಲ. ಇಲ್ಲಿ ಅರಿಶಿನವು ಹೊಟ್ಟೆಯ ಮೂಲಕ ಸುತ್ತಿ ಬರಬೇಕಾಗಿಲ್ಲ. ಬೇಕಾದ ಸ್ಥಳಕ್ಕೇ ಅದು ನೇರವಾಗಿ ತಾಗುತ್ತದೆ. ಚಿಕಿತ್ಸೆಯನ್ನು ಕೊನೆಯವರೆಗೂ ತಾಳಿಕೊಳ್ಳಲು ರೋಗಿಗೆ ಬಲ ಬಂದರೆ ಅದೇ ದೊಡ್ಡ ಲಾಭ.

ಗಮನಿಸಿರಿ: ಈ ಎಂಬತ್ತು ಮಂದಿಯಲ್ಲಿ ಯಾರೊಬ್ಬರೂ ವಿಕಿರಣ ಚಿಕಿತ್ಸೆಗೆ ಬದಲಾಗಿ ಅರಿಶಿನವನ್ನು ಬಳಸಲಿಲ್ಲ. ಚಿಕಿತ್ಸೆಯ ಜೊತೆಯಲ್ಲಿ, ವೈದ್ಯರ ಕಣ್ಣೆದುರಿನಲ್ಲಿ ಬಳಸಿದರು. ಈ ವ್ಯತ್ಯಾಸವೇ ಈ ಲೇಖನದ ಸಾರ.

ಎಚ್ಚರಿಕೆಯ ಮಾತುಗಳು

ಊಟದಲ್ಲಿ ಬಳಸುವ ಅರಿಶಿನದಿಂದ ಸಾಮಾನ್ಯವಾಗಿ ಯಾವ ತೊಂದರೆಯೂ ಇಲ್ಲ. ಆದರೆ ಅಂಗಡಿಗಳಲ್ಲಿ ಮಾರುವ ಕರ್ಕ್ಯುಮಿನ್ ಗುಳಿಗೆಗಳ ವಿಷಯ ಬೇರೆ.

1. ಇಂತಹ ಗುಳಿಗೆಗಳನ್ನು ಸೇವಿಸಿದ ಕೆಲವರಿಗೆ ಯಕೃತ್ತಿನ ಉರಿಯೂತ ಮತ್ತು ಕಾಮಾಲೆ ಉಂಟಾದ ಪ್ರಸಂಗಗಳು 2019ರಲ್ಲಿ ಇಟಲಿಯಲ್ಲಿಯೂ, ನಂತರ ಅಮೆರಿಕದಲ್ಲಿಯೂ ವರದಿಯಾಗಿವೆ.

2. ಮೆಣಸಿನ ಸತ್ವವನ್ನು ಸೇರಿಸಿದ ಗುಳಿಗೆಗಳು ರೋಗಿಯು ಸೇವಿಸುತ್ತಿರುವ ಇತರ ಔಷಧಗಳ ಪ್ರಮಾಣವನ್ನೂ ರಕ್ತದಲ್ಲಿ ಏರಿಸಬಲ್ಲವು. ಅರ್ಬುದದ ಔಷಧಗಳನ್ನು ಬಹು ಲೆಕ್ಕಹಾಕಿ ಕೊಡುವುದರಿಂದ ಇದು ಅಪಾಯಕಾರಿ.

3. ರಕ್ತ ಹೆಪ್ಪುಗಟ್ಟದಂತೆ ಔಷಧ ತೆಗೆದುಕೊಳ್ಳುತ್ತಿರುವವರು, ಪಿತ್ತಕೋಶದಲ್ಲಿ ಕಲ್ಲುಗಳಿರುವವರು, ಶಸ್ತ್ರಚಿಕಿತ್ಸೆಗೆ ಸಿದ್ಧರಾಗುತ್ತಿರುವವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳದೆ ಇವನ್ನು ಸೇವಿಸಬಾರದು.

4. ಬಣ್ಣ ಹೊಳೆಯಲೆಂದು ಅರಿಶಿನಕ್ಕೆ ಸೀಸದ ಕ್ರೋಮೇಟ್ ಎಂಬ ವಿಷವಸ್ತುವನ್ನು ಬೆರೆಸುವ ದುರಾಚಾರ ಕೆಲವೆಡೆ ಕಂಡುಬಂದಿದೆ. ಕೊಂಬನ್ನು ಕೊಂಡು ತೊಳೆದು, ಒಣಗಿಸಿ ಪುಡಿ ಮಾಡಿಸುವುದು, ಇಲ್ಲವೆ ನಂಬಿಕೆಯ ಪುಡಿಯನ್ನು ಕೊಳ್ಳುವುದು ಒಳ್ಳೆಯದು.

5. ಬಾಯಿಯ ಹುಣ್ಣಿಗೆ ಅರಿಶಿನ ಮತ್ತು ಸುಣ್ಣ ಕಲಸಿ ಹಚ್ಚಬಾರದು. ಸುಣ್ಣವು ಲೋಳೆಪೊರೆಯನ್ನು ಸುಡುತ್ತದೆ; ಅರಿಶಿನದ ಬಣ್ಣವು ಮಚ್ಚೆಯ ನಿಜವಾದ ಬಣ್ಣವನ್ನು ವೈದ್ಯರ ಕಣ್ಣಿನಿಂದ ಮರೆಮಾಡುತ್ತದೆ.

ಇವೆಲ್ಲಕ್ಕಿಂತ ದೊಡ್ಡ ಅಪಾಯವೆಂದರೆ ಕಾಲಹರಣ. ಎರಡು ಸೆಂಟಿಮೀಟರಿಗಿಂತ ಚಿಕ್ಕದಾದ ನಾಲಿಗೆಯ ಗೆಡ್ಡೆಯನ್ನು ಅನೇಕ ವೇಳೆ ಒಂದು ಶಸ್ತ್ರಚಿಕಿತ್ಸೆಯಿಂದಲೇ ತೆಗೆದುಹಾಕಬಹುದು. ರೋಗಿಯು ಮತ್ತೆ ಮಾತನಾಡಬಲ್ಲ, ಉಣ್ಣಬಲ್ಲ. ಅದೇ ಗೆಡ್ಡೆಗೆ ಮನೆಯಲ್ಲಿ ಲೇಪ ಹಚ್ಚುತ್ತ ಕೆಲವು ತಿಂಗಳು ಕಳೆದರೆ ಅದು ದವಡೆಯ ಮೂಳೆಗೂ ಕುತ್ತಿಗೆಯ ದುಗ್ಧಗ್ರಂಥಿಗಳಿಗೂ ಹರಡಬಹುದು. ಆಗ ಶಸ್ತ್ರಚಿಕಿತ್ಸೆ, ವಿಕಿರಣ, ಔಷಧ ಮೂರೂ ಬೇಕಾಗುತ್ತವೆ, ಖರ್ಚು ಹೆಚ್ಚುತ್ತದೆ, ಫಲ ಮಾತ್ರ ಕುಗ್ಗುತ್ತದೆ. ನಮ್ಮ ದೇಶದಲ್ಲಿ ಬಾಯಿಯ ಅರ್ಬುದದ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೀಗೆ ರೋಗ ಬಲಿತ ಮೇಲೆಯೇ ಆಸ್ಪತ್ರೆಗೆ ಬರುತ್ತಿರುವುದು ಅತ್ಯಂತ ವಿಷಾದದ ಸಂಗತಿ.

ಸಾಬೀತಾದ ಮಾರ್ಗ

ಅರಿಶಿನದ ವಿಷಯದಲ್ಲಿ ಇನ್ನೂ ಪರೀಕ್ಷೆಗಳು ನಡೆಯುತ್ತಿವೆ. ಆದರೆ ಬಾಯಿಯ ಅರ್ಬುದದಿಂದಾಗುವ ಸಾವನ್ನು ತಗ್ಗಿಸುವ ಒಂದು ಮಾರ್ಗವು ಈಗಾಗಲೇ ಸಾಬೀತಾಗಿದೆ. ಅದಕ್ಕೆ ದುಬಾರಿ ಯಂತ್ರಗಳೂ ಬೇಕಿಲ್ಲ.

ತಿರುವನಂತಪುರದ ಸುತ್ತಲಿನ 13 ಪಂಚಾಯತಿಗಳಲ್ಲಿ 1996ರಿಂದ ಒಂದು ದೊಡ್ಡ ಅಧ್ಯಯನ ನಡೆಯಿತು. ಕೆಲವು ಪಂಚಾಯತಿಗಳಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ, ಬೆಳಕಿನಲ್ಲಿ ಜನರ ಬಾಯಿಯನ್ನು ತೆರೆಸಿ ನೋಡಿ, ಸಂಶಯ ಬಂದವರನ್ನು ವೈದ್ಯರಲ್ಲಿಗೆ ಕಳುಹಿಸಿದರು. ಉಳಿದ ಪಂಚಾಯತಿಗಳಲ್ಲಿ ಎಂದಿನ ವ್ಯವಸ್ಥೆಯೇ ಇತ್ತು. 2005ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹೊಗೆಸೊಪ್ಪು ಅಥವಾ ಮದ್ಯ ಸೇವಿಸುವವರಲ್ಲಿ ಬಾಯಿಯ ಅರ್ಬುದದಿಂದಾಗುವ ಸಾವುಗಳು ಪರೀಕ್ಷೆ ನಡೆದ ಪಂಚಾಯತಿಗಳಲ್ಲಿ ನೂರಕ್ಕೆ 34ರಷ್ಟು ಕಡಿಮೆಯಾಗಿದ್ದವು. ಬಾಯಿ ತೆರೆದು ನೋಡುವುದೆಂಬ ಇಷ್ಟು ಸರಳವಾದ ಕೆಲಸದಿಂದ ಇಷ್ಟು ಜೀವಗಳು ಉಳಿದವು.

ಈ ಪರೀಕ್ಷೆಯನ್ನು ಪ್ರತಿಯೊಬ್ಬರೂ ತಿಂಗಳಿಗೊಮ್ಮೆ ಮನೆಯಲ್ಲಿಯೇ ಮಾಡಿಕೊಳ್ಳಬಹುದು. ಬಾಯಿಯನ್ನು ನೀರಿನಿಂದ ಮುಕ್ಕಳಿಸಿ, ಕನ್ನಡಿಯ ಮುಂದೆ ಒಳ್ಳೆಯ ಬೆಳಕಿನಲ್ಲಿ ನಿಲ್ಲಿರಿ. ತುಟಿಗಳನ್ನು ಮಡಿಸಿ ಒಳಭಾಗವನ್ನು ನೋಡಿರಿ. ಎರಡು ಕೆನ್ನೆಗಳನ್ನೂ ಬೆರಳಿನಿಂದ ಹೊರಕ್ಕೆ ಎಳೆದು ಪರೀಕ್ಷಿಸಿರಿ. ನಾಲಿಗೆಯನ್ನು ಹೊರಚಾಚಿ ಅದರ ಎರಡೂ ಅಂಚುಗಳನ್ನು, ಮೇಲಕ್ಕೆತ್ತಿ ಅಡಿಭಾಗವನ್ನು, ತಲೆಯನ್ನು ಹಿಂದಕ್ಕೆ ಬಾಗಿಸಿ ಅಂಗುಳವನ್ನು ನೋಡಿರಿ. ಕುತ್ತಿಗೆಯ ಎರಡೂ ಪಕ್ಕಗಳನ್ನು ಬೆರಳುಗಳಿಂದ ಒತ್ತಿ, ಗಂಟುಗಳಿವೆಯೇ ಎಂದು ತಿಳಿಯಿರಿ.

ಕೆಳಗಿನ ಯಾವುದೇ ಚಿಹ್ನೆ ಕಂಡುಬಂದರೆ, ನೋವಿಲ್ಲದಿದ್ದರೂ ಸಹ, ವೈದ್ಯರನ್ನು ಕೂಡಲೇ ಕಾಣಬೇಕು:

- ಎರಡು ವಾರಗಳಾದರೂ ಮಾಯದ ಬಾಯಿಯ ಹುಣ್ಣು
- ಉಜ್ಜಿದರೂ ಹೋಗದ ಬಿಳಿಯ ಅಥವಾ ಕೆಂಪು ಮಚ್ಚೆ
- ಬಾಯಿಯನ್ನು ಮೊದಲಿನಂತೆ ಪೂರ್ತಿಯಾಗಿ ತೆರೆಯಲಾಗದಿರುವುದು. ಖಾರ ತಿಂದರೆ ಬಾಯಿ ಉರಿಯುವುದು
- ಕಾರಣವಿಲ್ಲದೆ ಹಲ್ಲು ಅಲುಗಾಡುವುದು, ಬಾಯಿಯಿಂದ ರಕ್ತ ಬರುವುದು
- ಮೂರು ವಾರಗಳಿಗಿಂತ ಹೆಚ್ಚು ಕಾಲ ಧ್ವನಿ ಒಡೆದಿರುವುದು
- ನುಂಗಲು ಕಷ್ಟವಾಗುವುದು, ಕುತ್ತಿಗೆಯಲ್ಲಿ ಗಂಟು ಕಾಣುವುದು

ಮೂವತ್ತು ವರ್ಷ ದಾಟಿದವರಿಗೆ ಬಾಯಿಯ ಅರ್ಬುದದ ತಪಾಸಣೆಯನ್ನು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಮಾಡುವ ಕಾರ್ಯಕ್ರಮವಿದೆ. ತಮ್ಮ ಗ್ರಾಮದ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ವಿವರ ದೊರೆಯುತ್ತದೆ. ಹೆಚ್ಚಿನ ಚಿಕಿತ್ಸೆಗೆ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂತಿ ಸಂಸ್ಥೆಯಂತಹ ಆಸ್ಪತ್ರೆಗಳಿವೆ. ಹೊಗೆಸೊಪ್ಪನ್ನು ಬಿಡಲಿಚ್ಛಿಸುವವರು 1800-11-2356 ಎಂಬ ರಾಷ್ಟ್ರೀಯ ಸಂಖ್ಯೆಗೆ ಶುಲ್ಕವಿಲ್ಲದೆ ಕರೆ ಮಾಡಿ ಸಲಹೆ ಪಡೆಯಬಹುದು.

ಜನರು ಕೇಳುವ ಕೆಲವು ಪ್ರಶ್ನೆಗಳು

ಪ್ರಶ್ನೆ: ಹೊಗೆಸೊಪ್ಪು ತಿನ್ನುವವರು ಜೊತೆಗೆ ಅರಿಶಿನವನ್ನೂ ಸೇವಿಸಿದರೆ ಅಪಾಯ ತಪ್ಪುವುದೇ?
ಉತ್ತರ: ಇಲ್ಲ. ಒಂದು ಕೈಯಿಂದ ಬೆಂಕಿಗೆ ಸೌದೆ ಹಾಕುತ್ತ ಇನ್ನೊಂದು ಕೈಯಿಂದ ನೀರು ಚಿಮುಕಿಸಿದರೆ ಬೆಂಕಿ ಆರುವುದಿಲ್ಲ. ಹೊಗೆಸೊಪ್ಪನ್ನು ಬಿಡುವುದೇ ಉಪಾಯ.

ಪ್ರಶ್ನೆ: ಗೆಡ್ಡೆಯಿಂದ ಚೂರು ತೆಗೆದು ಪರೀಕ್ಷಿಸಿದರೆ ರೋಗ ಹರಡುವುದಿಲ್ಲವೇ?
ಉತ್ತರ: ಈ ಭಯಕ್ಕೆ ಆಧಾರವಿಲ್ಲ. ಚೂರು ತೆಗೆದು ಪರೀಕ್ಷಿಸದೆ ರೋಗವನ್ನು ಖಚಿತವಾಗಿ ಗುರುತಿಸಲಾಗದು. ಗುರುತಿಸದೆ ಸರಿಯಾದ ಚಿಕಿತ್ಸೆ ಕೊಡಲಾಗದು.

ಪ್ರಶ್ನೆ: ಚಿಕಿತ್ಸೆಯಲ್ಲಿರುವ ರೋಗಿಯು ಅರಿಶಿನದ ನೀರಿನಿಂದ ಬಾಯಿ ಮುಕ್ಕಳಿಸಬಹುದೇ?
ಉತ್ತರ: ಚಿಕಿತ್ಸೆ ನೀಡುತ್ತಿರುವ ವೈದ್ಯರನ್ನು ಕೇಳಿ, ಅವರು ಒಪ್ಪಿದರೆ ಮಾಡಬಹುದು. ಕುದಿಸಿ ಆರಿಸಿದ ನೀರು ಮತ್ತು ಶುದ್ಧವಾದ ಪುಡಿ ಇರಬೇಕು. ವೈದ್ಯರಿಗೆ ತಿಳಿಸದೆ ಯಾವುದನ್ನೂ ಬಳಸಬಾರದು.

ಪ್ರಶ್ನೆ: ಮನೆಯ ಹಿರಿಯರು ಆಸ್ಪತ್ರೆಗೆ ಬರಲು ಒಪ್ಪದೆ ಮನೆಮದ್ದನ್ನೇ ಹಿಡಿದಿದ್ದರೆ ಏನು ಮಾಡಬೇಕು?
ಉತ್ತರ: ಅವರ ನಂಬಿಕೆಯನ್ನು ಹೀಯಾಳಿಸಬೇಡಿರಿ. ಊಟದಲ್ಲಿ ಅರಿಶಿನ ಇದ್ದೇ ಇರಲಿ, ಒಮ್ಮೆ ವೈದ್ಯರೂ ಬಾಯಿಯನ್ನು ನೋಡಲಿ ಎಂದು ಸಮಾಧಾನದಿಂದ ತಿಳಿಹೇಳಿರಿ. ಜೊತೆಯಲ್ಲಿ ನೀವೂ ಹೋಗಿರಿ. ಎಷ್ಟೋ ಮಂದಿ ಒಪ್ಪದಿರುವುದು ಅರಿಶಿನದ ಮೇಲಿನ ನಂಬಿಕೆಯಿಂದಲ್ಲ, ಆಸ್ಪತ್ರೆಯ ಭಯದಿಂದ.

ಅರಿಶಿನದ ಗುಣವನ್ನು ವಿಜ್ಞಾನವು ಅಲ್ಲಗಳೆದಿಲ್ಲ. ಅದರ ಮಿತಿಯನ್ನು ಮಾತ್ರ ತಿಳಿಸಿದೆ. ಕರ್ಕ್ಯುಮಿನ್ನನ್ನು ಬಾಯಿಯ ರೋಗಸ್ಥಾನಕ್ಕೆ ಸರಿಯಾಗಿ ತಲುಪಿಸುವ ವಿಧಾನ ದೊರೆತರೆ ಮುಂದೊಂದು ದಿನ ಅದು ವೈದ್ಯರ ಕೈಯಲ್ಲಿ ಒಂದು ಉಪಯುಕ್ತ ಸಾಧನವಾಗಬಹುದು. ಆ ದಿನ ಬರುವವರೆಗೂ ಅರಿಶಿನವು ಅಡುಗೆಯಲ್ಲಿಯೂ, ವೈದ್ಯರು ಒಪ್ಪಿದ ಕಡೆ ಚಿಕಿತ್ಸೆಯ ಜೊತೆಯಲ್ಲಿಯೂ ಇರಲಿ; ಚಿಕಿತ್ಸೆಯ ಸ್ಥಾನದಲ್ಲಿ ಬೇಡ. ಹೊಗೆಸೊಪ್ಪನ್ನು ಇಂದೇ ಬಿಡಿರಿ. ತಿಂಗಳಿಗೊಮ್ಮೆ ಬಾಯಿಯನ್ನು ಪರೀಕ್ಷಿಸಿಕೊಳ್ಳಿರಿ. ಎರಡು ವಾರಗಳಲ್ಲಿ ಮಾಯದ ಹುಣ್ಣನ್ನು ಮೂರನೆಯ ವಾರಕ್ಕೆ ಮುಂದೂಡಬೇಡಿರಿ.